ಬೀಗ ತೆರೆಯದೆ ಮನೆ ಬದಲಿಸುವ ವಿದ್ಯೆ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮಚ್ಛೆ ಎಂಬ ಊರು ಸಿಕ್ಕುತ್ತದೆ. ಹೆಸರು ಚಿಕ್ಕದಾದರೂ ಕರ್ನಾಟಕದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಪರಿಚಿತವಾದ ಸ್ಥಳ. ೧೯೯೮ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಛೇರಿಯೂ ಅದರ ‘ಜ್ಞಾನ ಸಂಗಮ’ ಆವರಣವೂ ಇರುವುದು ಇಲ್ಲಿಯೇ. ಅದೇ ಊರಿನಲ್ಲಿ ಒಂದು ಕೈಗಾರಿಕಾ ವಸಾಹತೂ ಇದೆ. ಬೆಳಗಾವಿಯ ಸುತ್ತಿನ ಪ್ರದೇಶವು ಎರಕದ ಕಾರ್ಖಾನೆಗಳಿಗೆ ಬಹುಕಾಲದಿಂದ ಹೆಸರಾದುದು. ಒಂದು ಕಡೆ ವಿದ್ಯೆ, ಇನ್ನೊಂದು ಕಡೆ ಎರಕ. ನಮ್ಮ ಇಂದಿನ ವಿಷಯವನ್ನು ತಿಳಿಯಲು ಇವೆರಡೂ ನೆರವಾಗುತ್ತವೆ.

ಇಂಥ ಊರಿನಲ್ಲಿ ಸಂಶೋಧನೆ ನಡೆಸುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಎರಕದ ಮರಳಿನ ಧೂಳು ಕೆಲಸಗಾರರ ಶ್ವಾಸಕೋಶಗಳ ಮೇಲೆ ಮಾಡುವ ಪರಿಣಾಮವನ್ನು ಆಕೆ ಮೂರು ವರ್ಷಗಳಿಂದ ಅಭ್ಯಾಸಮಾಡುತ್ತಿದ್ದಾಳೆ. ‘ನಿಮ್ಮ ಹೆಸರನ್ನು ಯಾರಿಗೂ ತಿಳಿಸುವುದಿಲ್ಲ’ ಎಂದು ಮಾತು ಕೊಟ್ಟು ಆಕೆ ಬರೆದುಕೊಂಡ ನೂರಾರು ಜನರ ಆರೋಗ್ಯದ ವಿವರಗಳು ಅವಳ ಗಣಕಯಂತ್ರದಲ್ಲಿವೆ. ಆ ಯಂತ್ರ ಕೆಟ್ಟರೆ ಮೂರು ವರ್ಷಗಳ ಶ್ರಮ ನೀರಿನಲ್ಲಿ ಹೋಮವಾಗುತ್ತದೆ. ಆ ವಿವರಗಳು ಅನ್ಯರ ಕೈಸೇರಿದರೆ, ನಂಬಿ ಮಾತನಾಡಿದವರಿಗೆ ದ್ರೋಹವಾಗುತ್ತದೆ. ಮೊದಲನೆಯದು ನಾಶದ ಭಯ, ಎರಡನೆಯದು ಬಯಲಾಗುವ ಭಯ.

ಇವೆರಡಕ್ಕೂ ಒಂದೇ ಮದ್ದು ಇದ್ದಿದ್ದರೆ ಈ ಲೇಖನವೇ ಬೇಕಾಗುತ್ತಿರಲಿಲ್ಲ. ನಾಶದ ಭಯಕ್ಕೆ ಮದ್ದೆಂದರೆ ಪ್ರತಿಗಳನ್ನು ಹೆಚ್ಚಿಸುವುದು. ಆದರೆ ಪ್ರತಿಗಳು ಹೆಚ್ಚಿದಷ್ಟೂ ಕಳ್ಳನಿಗೆ ಬಾಗಿಲುಗಳು ಹೆಚ್ಚುತ್ತವೆ. ಬಯಲಾಗುವ ಭಯಕ್ಕೆ ಮದ್ದೆಂದರೆ ಒಂದೇ ಪ್ರತಿಯನ್ನು ಭದ್ರವಾಗಿ ಮುಚ್ಚಿಡುವುದು. ಆದರೆ ಆ ಒಂದು ಪ್ರತಿ ಹೋಯಿತೆಂದರೆ ಎಲ್ಲವೂ ಹೋಯಿತು. ಈ ಎರಡು ಎಳೆತಗಳ ನಡುವೆ ದಾರಿ ಯಾವುದು?

ಹಳೆಯ ವಿದ್ಯೆ, ಹೊಸ ತೊಡಕು

ಪ್ರತಿ ಮಾಡಿ ಉಳಿಸುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಗೆದ್ದಲು, ಬೆಂಕಿ, ಮಳೆ ಇವುಗಳಲ್ಲಿ ಯಾವುದೂ ಸಾವಿರ ಊರುಗಳಲ್ಲಿ ಒಂದೇ ದಿನ ದಾಳಿಮಾಡಲಾರದು ಎಂಬ ಸರಳವಾದ ಲೆಕ್ಕಾಚಾರ ಅದರ ಹಿಂದಿದೆ. ಇಂದು ಗಣಕಯಂತ್ರದವರು ‘ಬ್ಯಾಕಪ್’ ಎಂದು ಕರೆಯುವುದು ಇದನ್ನೇ.

ಆದರೆ ಶಾಂತಿಪುರಾಣವು ಎಲ್ಲರೂ ಓದಲೆಂದು ಬರೆದ ಕಾವ್ಯ. ನಮ್ಮ ವಿದ್ಯಾರ್ಥಿನಿಯ ಕಡತವಾದರೋ ಯಾರೂ ಓದಬಾರದೆಂದು ಇಟ್ಟದ್ದು. ಇಂಥ ಗುಟ್ಟಿನ ವಸ್ತುವಿಗೆಂದೇ ರಚಿತವಾದ ಕೆಲವು ಆಪರೇಟಿಂಗ್ ಸಿಸ್ಟಂಗಳು ಈಗ ಬಳಕೆಯಲ್ಲಿವೆ. ಗಣಕಯಂತ್ರದ ಎಲ್ಲ ಕಾರ್ಯಗಳನ್ನೂ ಮೇಲ್ವಿಚಾರಣೆ ಮಾಡುವ ಮೂಲ ಕ್ರಮವಿಧಿಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರೆಂಬುದು ವಾಚಕರಿಗೆ ತಿಳಿದೇ ಇದೆ. ಭದ್ರತೆಯನ್ನೇ ಮುಖ್ಯ ಗುರಿಯಾಗಿ ಮಾಡಿಕೊಂಡ ಇಂಥವುಗಳಲ್ಲಿ ‘ಕ್ಯೂಬ್ಸ್’ ಎಂಬುದು ಬಹು ಕುತೂಹಲಕರವಾದುದು. ಇದನ್ನು ಒಂದು ಯಂತ್ರದಿಂದ ಮತ್ತೊಂದಕ್ಕೆ ಸಾಗಿಸುವ ಕ್ರಮವನ್ನು ನೋಡಿದರೆ ಮೇಲಿನ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಹಲವು ಕೋಣೆಗಳ ಮನೆ

ಪೋಲೆಂಡಿನ ಗಣಕಭದ್ರತಾ ತಜ್ಞೆ ಜೋಆನ್ನಾ ರುಟ್ಕೋವ್‌ಸ್ಕಾ ಮತ್ತು ಅವರ ಸಂಗಡಿಗರು ಕ್ಯೂಬ್ಸ್ ವ್ಯವಸ್ಥೆಯನ್ನು ೨೦೧೦ರಲ್ಲಿ ಪ್ರಕಟಿಸಿದರು. ಅದರ ಮೊದಲನೆಯ ಪೂರ್ಣ ಆವೃತ್ತಿ ೨೦೧೨ರಲ್ಲಿ ಹೊರಬಂದಿತು. ಅವರ ವಾದ ಸರಳವಾದುದು: ದೋಷವೇ ಇಲ್ಲದ ಕ್ರಮವಿಧಿಯನ್ನು ಬರೆಯುವುದು ಮನುಷ್ಯಸಾಧ್ಯವಲ್ಲ; ಆದುದರಿಂದ ಕಳ್ಳನು ಒಂದಲ್ಲ ಒಂದು ದಿನ ಒಳನುಗ್ಗಿಯೇ ನುಗ್ಗುತ್ತಾನೆ. ಹಾಗೆ ನುಗ್ಗಿದವನು ಒಂದೇ ಕೋಣೆಯಲ್ಲಿ ಸಿಕ್ಕಿಬೀಳುವಂತೆ ಮನೆಯನ್ನು ಕಟ್ಟುವುದೇ ಜಾಣತನ.

ಸಾಮಾನ್ಯ ಗಣಕಯಂತ್ರವು ಗೋಡೆಗಳಿಲ್ಲದ ಒಂದೇ ಹಜಾರದಂತೆ. ಅಲ್ಲಿ ಅಡಿಗೆಯೂ ಪೂಜೆಯೂ ಹಣದ ಪೆಟ್ಟಿಗೆಯೂ ಒಟ್ಟಿಗೇ ಇರುತ್ತವೆ. ಕ್ಯೂಬ್ಸ್ ಇದನ್ನು ಹಲವು ಕೋಣೆಗಳಾಗಿ ವಿಭಾಗಿಸುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ ೨೦೦೩ರಲ್ಲಿ ಹೊರಬಂದ ‘ಝೆನ್’ ಎಂಬ ಕ್ರಮವಿಧಿಯ ನೆರವಿನಿಂದ ಒಂದೇ ಯಂತ್ರದೊಳಗೆ ಹಲವು ತೋರಿಕೆಯ ಯಂತ್ರಗಳು ನಡೆಯುತ್ತವೆ. ಇವಕ್ಕೆ ವರ್ಚುವಲ್ ಯಂತ್ರಗಳೆಂದು ಹೆಸರು. ಪ್ರತಿಯೊಂದೂ ತಾನೇ ಒಂದು ಸ್ವತಂತ್ರ ಯಂತ್ರವೆಂದು ಭಾವಿಸಿಕೊಂಡಿರುತ್ತದೆ. ಪಕ್ಕದ ಕೋಣೆಯಲ್ಲಿ ಏನಿದೆಯೆಂಬುದು ಅದಕ್ಕೆ ಕಾಣುವುದಿಲ್ಲ. ಬ್ಯಾಂಕಿನ ವ್ಯವಹಾರಕ್ಕೆ ಒಂದು ಕೋಣೆ, ಪಾಠಪ್ರವಚನಕ್ಕೆ ಒಂದು, ಅಪರಿಚಿತರಿಂದ ಬಂದ ಕಡತವನ್ನು ತೆರೆದು ನೋಡಿ ಕೂಡಲೇ ಬಿಸಾಡುವುದಕ್ಕೆ ಒಂದು. ಅಂತರ್ಜಾಲದ ಸಂಪರ್ಕವನ್ನೇ ಕೊಡದ ಉಗ್ರಾಣವೂ ಒಂದು ಉಂಟು. ಅತಿ ಗುಟ್ಟಿನ ವಸ್ತುಗಳಿಗೆ ಅದೇ ತಾಣ.

ಇವೆಲ್ಲಕ್ಕೂ ಯಜಮಾನನಾಗಿ ‘ಡಾಮ್ ಜೀರೊ’ ಎಂಬ ಒಂದು ವಿಭಾಗವಿದೆ. ಪರದೆ, ಕೀಲಿಮಣೆ, ಎಲ್ಲ ಕೋಣೆಗಳ ಆಡಳಿತ ಇದರ ವಶದಲ್ಲಿವೆ. ಇಷ್ಟೊಂದು ಅಧಿಕಾರವಿರುವ ಕಾರಣದಿಂದಲೇ ಇದಕ್ಕೆ ಅಂತರ್ಜಾಲದ ನೇರ ಸಂಪರ್ಕವನ್ನು ಕೊಟ್ಟಿಲ್ಲ. ಜಾಲದ ತಂತಿಯನ್ನೂ ಯು.ಎಸ್.ಬಿ. ಸಲಕರಣೆಗಳನ್ನೂ ನೋಡಿಕೊಳ್ಳಲು ಬೇರೆ ಕೋಣೆಗಳಿವೆ. ಅವನ್ನು ಯಜಮಾನನು ಪೂರ್ತಿ ನಂಬುವುದಿಲ್ಲ. ಈ ಅಪನಂಬಿಕೆಯು ಮುಂದೆ ನಮಗೆ ಬಹಳ ಉಪಯೋಗಕ್ಕೆ ಬರಲಿದೆ.

ಮಾದರಿಯೂ ಎರಕವೂ

ಇಷ್ಟೆಲ್ಲ ಕೋಣೆಗಳಿದ್ದರೆ ಪ್ರತಿಯೊಂದರಲ್ಲೂ ಒಂದೊಂದು ಪೂರ್ಣ ಆಪರೇಟಿಂಗ್ ಸಿಸ್ಟಂ ಇರಬೇಕಲ್ಲವೇ? ಅಷ್ಟು ಜಾಗವೆಲ್ಲಿ? ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರವನ್ನು ಬೆಳಗಾವಿಯ ಎರಕದ ಕಾರ್ಖಾನೆಯಲ್ಲಿ ಕಾಣಬಹುದು. ಅಲ್ಲಿ ಪಂಪಿನ ಹೊರಕವಚವನ್ನು ಹೊಯ್ಯಬೇಕಾದರೆ ಮೊದಲು ಮರದಲ್ಲೋ ಲೋಹದಲ್ಲೋ ಅದರ ಮಾದರಿಯನ್ನು ಮಾಡಿಕೊಳ್ಳುತ್ತಾರೆ. ಆ ಮಾದರಿಯನ್ನು ಮರಳಿನಲ್ಲಿ ಒತ್ತಿ, ಉಂಟಾದ ಪೊಳ್ಳಿನಲ್ಲಿ ಕರಗಿದ ಕಬ್ಬಿಣವನ್ನು ಹೊಯ್ಯುತ್ತಾರೆ. ಒಂದು ಮಾದರಿಯಿಂದ ಸಾವಿರಾರು ಎರಕಗಳು ಬರುತ್ತವೆ.

ಕ್ಯೂಬ್ಸ್‌ನಲ್ಲಿಯೂ ಹೀಗೆಯೇ. ಕ್ರಮವಿಧಿಗಳೆಲ್ಲ ಇರುವುದು ‘ಟೆಂಪ್ಲೇಟ್’ ಎಂಬ ಮಾದರಿಯಲ್ಲಿ. ಕೋಣೆಯು ಎದ್ದಾಗಲೆಲ್ಲ ಆ ಮಾದರಿಯಿಂದ ಹೊಸದಾಗಿ ಎರಕಗೊಂಡಂತೆ ಏಳುತ್ತದೆ. ಮುಚ್ಚಿದಾಗ ಆ ಭಾಗದಲ್ಲಿ ಆದ ಬದಲಾವಣೆಗಳು ಅಳಿದುಹೋಗುತ್ತವೆ. ಕೋಣೆಯಲ್ಲಿ ಶಾಶ್ವತವಾಗಿ ಉಳಿಯುವುದು ಮುಖ್ಯವಾಗಿ ಬಳಸುವವನ ಸ್ವಂತ ಕಡತಗಳು.

ಇದರಿಂದ ಬ್ಯಾಕಪ್ ಮಾಡುವವನಿಗೆ ದೊಡ್ಡ ಲಾಭವುಂಟು. ಮಾರುಕಟ್ಟೆಯಲ್ಲಿ ಸಿಕ್ಕುವ ಮಾದರಿಯನ್ನು ಹೊತ್ತು ಸಾಗಿಸಬೇಕಾಗಿಲ್ಲ. ಹೊಸ ಯಂತ್ರದಲ್ಲಿ ಕ್ಯೂಬ್ಸ್ ಸ್ಥಾಪಿಸಿದಾಗ ಅವು ತಾವಾಗಿಯೇ ಬರುತ್ತವೆ. ಸಾಗಿಸಬೇಕಾದುದು ನಮ್ಮ ಸ್ವಂತ ಸೊತ್ತು ಮಾತ್ರ. ಆದರೆ ಒಂದು ಎಚ್ಚರಿಕೆ. ಮಾದರಿಯನ್ನು ನಾವೇ ತಿದ್ದಿ, ಕನ್ನಡದ ಅಕ್ಷರಗಳನ್ನೋ ಗಣಿತದ ಕ್ರಮವಿಧಿಗಳನ್ನೋ ಸೇರಿಸಿಕೊಂಡಿದ್ದರೆ ಆ ತಿದ್ದಿದ ಮಾದರಿಯನ್ನೂ ಪ್ರತಿಮಾಡಬೇಕು, ಇಲ್ಲವೇ ಏನೇನು ಸೇರಿಸಿದೆವೆಂಬ ಪಟ್ಟಿಯನ್ನಾದರೂ ಬರೆದಿಟ್ಟುಕೊಳ್ಳಬೇಕು. ಹಾಗೆಯೇ ಡಾಮ್ ಜೀರೊದಲ್ಲಿರುವ ನಮ್ಮ ಸ್ವಂತ ಏರ್ಪಾಡುಗಳನ್ನು ಮರೆಯಬಾರದು.

ಬೀಗ ಮತ್ತು ಮುದ್ರೆ

ಇನ್ನು ಪ್ರತಿಯನ್ನು ತೆಗೆಯುವ ಬಗೆಯನ್ನು ನೋಡೋಣ. ಪ್ರತಿ ತೆಗೆಯಬೇಕಾದ ಕೋಣೆಗಳನ್ನು ಮುಚ್ಚಿ, ಹೊರಗಿನ ಒಂದು ಯು.ಎಸ್.ಬಿ. ಡಿಸ್ಕನ್ನು ಜೋಡಿಸಿ, ಪಟ್ಟಿಯಿಂದ ಬೇಕಾದ ಕೋಣೆಗಳನ್ನು ಆರಿಸಿ, ಒಂದು ಗುಪ್ತವಾಕ್ಯವನ್ನು ಕೊಟ್ಟರೆ ಕೆಲಸ ಆರಂಭವಾಗುತ್ತದೆ. ಡಿಸ್ಕಿನ ವೇಗ ಸೆಕೆಂಡಿಗೆ ೪೦ ಮೆಗಾಬೈಟ್ ಎಂದಿಟ್ಟುಕೊಂಡರೆ ೧೦೦ ಗಿಗಾಬೈಟ್ ಸಾಗಲು ೨,೫೦೦ ಸೆಕೆಂಡು, ಎಂದರೆ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ ಬೇಕು.

ನೋಡಲು ಸಾಮಾನ್ಯವಾದ ಈ ಕೆಲಸದಲ್ಲಿ ಒಂದು ಸೂಕ್ಷ್ಮವಿದೆ. ಯು.ಎಸ್.ಬಿ. ಡಿಸ್ಕು ಇರುವುದು ಯಜಮಾನನು ನಂಬದ ಕೋಣೆಯ ವಶದಲ್ಲಿ. ಹಾಗಾದರೆ ಗುಟ್ಟನ್ನು ಆ ಕೋಣೆಯ ಮೂಲಕ ಕಳುಹಿಸುವುದು ಹೇಗೆ? ಯಜಮಾನನು ತನ್ನಲ್ಲಿಯೇ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿ, ಬೀಗ ಹಾಕಿದ ಮೇಲೆಯೇ ಹೊರಗೆ ಕೊಡುತ್ತಾನೆ. ಹೊರುವ ಕೂಲಿಗೆ ಪೆಟ್ಟಿಗೆಯ ತೂಕ ತಿಳಿಯುತ್ತದೆಯೇ ಹೊರತು ಒಳಗಿನ ವಸ್ತು ತಿಳಿಯುವುದಿಲ್ಲ.

ಬೀಗವೊಂದೇ ಸಾಲದು. ಹೊರುವವನು ದಾರಿಯಲ್ಲಿ ಪೆಟ್ಟಿಗೆಯನ್ನು ಕೆಡಿಸಿದರೆ, ಅದರಲ್ಲಿ ವಿಷದ ವಸ್ತುವನ್ನು ಸೇರಿಸಿದರೆ ಗತಿಯೇನು? ಇಲ್ಲಿ ಮಚ್ಛೆಯಿಂದ ಅದೇ ರಸ್ತೆಯನ್ನು ಹಿಡಿದು ಖಾನಾಪುರ ತಾಲ್ಲೂಕಿನ ಹಲಸಿಯವರೆಗೆ ಹೋಗಿಬರೋಣ. ಪಲಾಶಿಕಾ ಎಂಬ ಹೆಸರಿನಿಂದ ಕದಂಬರ ಎರಡನೆಯ ರಾಜಧಾನಿಯಂತಿದ್ದ ಈ ಊರಿನಲ್ಲಿ ಆ ದೊರೆಗಳ ತಾಮ್ರಶಾಸನಗಳು ದೊರೆತಿವೆ. ತಾಮ್ರಶಾಸನದ ಹಲವು ಹಲಗೆಗಳಿಗೆ ತೂತು ಕೊರೆದು, ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಎರಡು ತುದಿಗಳನ್ನೂ ರಾಜಮುದ್ರೆಯಲ್ಲಿ ಸೇರಿಸಿ ಬೆಸೆಯುವುದು ಹಿಂದಿನವರ ಪದ್ಧತಿ. ಮುದ್ರೆಯನ್ನು ಮುರಿಯದೆ ಒಂದು ಹಲಗೆಯನ್ನು ತೆಗೆಯುವಂತಿಲ್ಲ, ಸೇರಿಸುವಂತಿಲ್ಲ. ಶಾಸನವನ್ನು ಯಾರು ಬೇಕಾದರೂ ಓದಬಹುದು. ಆದರೆ ಗುಟ್ಟಾಗಿ ತಿದ್ದಲಾಗದು.

ಕ್ಯೂಬ್ಸ್‌ನ ಬ್ಯಾಕಪ್ಪಿನಲ್ಲಿ ಇಂಥ ಮುದ್ರೆಯೂ ಉಂಟು. ಗುಪ್ತವಾಕ್ಯದಿಂದ ಹುಟ್ಟಿದ ಕೀಲಿಯನ್ನು ಬಳಸಿ ಕಡತದ ಪ್ರತಿಯೊಂದು ಭಾಗಕ್ಕೂ ಒಂದು ಅಂಕಿತವನ್ನು ಲೆಕ್ಕಹಾಕುತ್ತಾರೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಅಂಕಿತವು ತಾಳೆಯಾಗುವುದಿಲ್ಲ. ಹೊಸ ಯಂತ್ರದ ಯಜಮಾನನು ಮೊದಲು ಮುದ್ರೆಯನ್ನು ಪರೀಕ್ಷಿಸುತ್ತಾನೆ. ಅದು ಸರಿಯಿದ್ದರೆ ಮಾತ್ರ ಒಳಗಿನದನ್ನು ಓದುತ್ತಾನೆ. ಹೀಗೆ ಬೀಗವು ಬಯಲಾಗುವ ಭಯವನ್ನು ಕಳೆದರೆ ಮುದ್ರೆಯು ಮೋಸದ ಭಯವನ್ನು ಕಳೆಯುತ್ತದೆ. ಇವೆರಡೂ ಇದ್ದಮೇಲೆ ಪ್ರತಿಗಳು ಹತ್ತು ಕಡೆ ಇದ್ದರೂ ಅಂಜಬೇಕಾಗಿಲ್ಲ. ನಾವು ಹುಡುಕುತ್ತಿದ್ದ ದಾರಿ ಇದೇ.

ಆದರೆ ಇದೆಲ್ಲವೂ ನಿಂತಿರುವುದು ಆ ಗುಪ್ತವಾಕ್ಯದ ಮೇಲೆ. ಅದರ ಬಲವನ್ನು ಲೆಕ್ಕಹಾಕಿ ನೋಡಬಹುದು. ಆರು ಅಂಕೆಗಳ ಸಂಖ್ಯೆಯನ್ನು ಇಟ್ಟರೆ ಇರುವ ಸಾಧ್ಯತೆಗಳು ೧೦ ಲಕ್ಷ. ಸೆಕೆಂಡಿಗೆ ೧೦ ಲಕ್ಷ ಊಹೆಗಳನ್ನು ಮಾಡುವ ಯಂತ್ರಕ್ಕೆ ಇದು ಒಂದು ಸೆಕೆಂಡಿನ ಕೆಲಸ. ಇದರ ಬದಲು ಹೀಗೆ ಮಾಡಿ. ೭,೭೭೬ ಪದಗಳ ಒಂದು ಪಟ್ಟಿಯನ್ನು ತೆಗೆದುಕೊಳ್ಳಿ. ಆರು ಮುಖಗಳ ದಾಳವನ್ನು ಐದು ಬಾರಿ ಉರುಳಿಸಿದರೆ ಬರಬಹುದಾದ ಫಲಗಳ ಸಂಖ್ಯೆಯೂ ಅಷ್ಟೇ. ದಾಳ ತೋರಿಸಿದ ಪದವನ್ನು ಬರೆದುಕೊಳ್ಳಿ. ಹೀಗೆ ಆರು ಪದಗಳನ್ನು ಆರಿಸಿರಿ. ಈಗ ಸಾಧ್ಯತೆಗಳ ಸಂಖ್ಯೆ ೨೨ರ ಮುಂದೆ ೨೨ ಸೊನ್ನೆಗಳನ್ನು ಇಟ್ಟಷ್ಟಾಗುತ್ತದೆ. ಅದೇ ಯಂತ್ರವು ಎಲ್ಲವನ್ನೂ ಪ್ರಯತ್ನಿಸಿ ಮುಗಿಸಲು ಸುಮಾರು ೭೦೦ ಕೋಟಿ ವರ್ಷಗಳು ಬೇಕು. ನಮ್ಮ ಭೂಮಿಯ ವಯಸ್ಸೇ ಸುಮಾರು ೪೫೪ ಕೋಟಿ ವರ್ಷ! ಇದಲ್ಲದೆ ಕ್ಯೂಬ್ಸ್ ಬಳಸುವ ‘ಎಸ್‌ಕ್ರಿಪ್ಟ್’ ಎಂಬ ವಿಧಾನವು ಪ್ರತಿಯೊಂದು ಊಹೆಗೂ ಹೆಚ್ಚು ಸ್ಮೃತಿಯನ್ನು ಬೇಡಿ ಕಳ್ಳನ ಯಂತ್ರವನ್ನು ಇನ್ನಷ್ಟು ನಿಧಾನಗೊಳಿಸುತ್ತದೆ. ಕಾಲಿನ್ ಪರ್ಸಿವಲ್ ಎಂಬವರು ಇದನ್ನು ೨೦೦೯ರಲ್ಲಿ ಪ್ರಕಟಿಸಿದುದು ಬ್ಯಾಕಪ್ ಸೇವೆಯೊಂದರ ಸಲುವಾಗಿಯೇ.

ಈ ಬಲಕ್ಕೆ ಇನ್ನೊಂದು ಮುಖವೂ ಇದೆ. ಗುಪ್ತವಾಕ್ಯವನ್ನು ಮರೆತರೆ ಒಡೆಯನಿಗೂ ಅದೇ ೭೦೦ ಕೋಟಿ ವರ್ಷಗಳ ಶಿಕ್ಷೆ ತಪ್ಪಿದ್ದಲ್ಲ. ಆದುದರಿಂದ ಅದನ್ನು ಕಾಗದದಲ್ಲಿ ಬರೆದು, ಡಿಸ್ಕು ಇರುವ ಸ್ಥಳದಿಂದ ದೂರದಲ್ಲಿ, ನಂಬಿಗಸ್ತರ ಬಳಿ ಇಡುವುದು ಲೇಸು.

ಹೊಸ ಮನೆಯ ಪ್ರವೇಶ

ಹಳೆಯ ಡಿಸ್ಕನ್ನು ಇದ್ದಹಾಗೆಯೇ ಅಚ್ಚೊತ್ತಿ ಹೊಸ ಯಂತ್ರಕ್ಕೆ ಇಳಿಸಬಾರದೇಕೆ? ಕೆಲವೊಮ್ಮೆ ಇದು ನಡೆಯುತ್ತದೆ. ಆದರೆ ಹಳೆಯ ಯಂತ್ರದ ಅಂಗಾಂಗಗಳಿಗೆ ಹೊಂದಿಕೊಂಡ ಏರ್ಪಾಡುಗಳು ಹೊಸದಕ್ಕೆ ಒಗ್ಗದೆ ಹೋಗಬಹುದು. ಅಲ್ಲದೆ ಹಳೆಯ ಮನೆಯ ಗೆದ್ದಲೂ ಸಾಮಾನಿನೊಡನೆ ಬಂದುಬಿಡಬಹುದು. ಆದುದರಿಂದ ಹೊಸ ಯಂತ್ರದಲ್ಲಿ ಕ್ಯೂಬ್ಸ್ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿ, ಆಮೇಲೆ ಕೋಣೆಗಳನ್ನು ಮಾತ್ರ ತುಂಬಿಕೊಳ್ಳುವುದು ಒಪ್ಪತಕ್ಕ ಕ್ರಮ.

ಯಂತ್ರವನ್ನು ಕೊಳ್ಳುವ ಮೊದಲೇ ಕೆಲವು ಗುಣಗಳನ್ನು ವಿಚಾರಿಸಬೇಕು. ಅದರ ಸಂಸ್ಕಾರಕವು ೬೪ ಬಿಟ್ಟಿನದಾಗಿರಬೇಕು. ತೋರಿಕೆಯ ಯಂತ್ರಗಳನ್ನು ನಡೆಸುವ ಸೌಕರ್ಯವೂ, ಜಾಲ ಮೊದಲಾದ ಸಲಕರಣೆಗಳನ್ನು ಒಂದೊಂದು ಕೋಣೆಗೆ ಕಟ್ಟಿಹಾಕುವ ಸೌಕರ್ಯವೂ ಅದರಲ್ಲಿರಬೇಕು. ಸ್ಮೃತಿ ೧೬ ಗಿಗಾಬೈಟ್ ಇದ್ದರೆ ಒಳ್ಳೆಯದು. ಸ್ಥಾಪನೆಯ ಕಡತವನ್ನು ಇಳಿಸಿಕೊಂಡಮೇಲೆ ಅದರ ಡಿಜಿಟಲ್ ಸಹಿಯನ್ನು ತಾಳೆನೋಡುವುದನ್ನು ಬಿಡಬಾರದು. ತಳಪಾಯವೇ ಕಪಟವಾದರೆ ಮೇಲಿನ ಬೀಗಗಳಿಂದ ಏನು ಪ್ರಯೋಜನ?

ಸ್ಥಾಪನೆ ಮುಗಿದ ಬಳಿಕ ಡಿಸ್ಕನ್ನು ಜೋಡಿಸಿ, ಗುಪ್ತವಾಕ್ಯವನ್ನು ಕೊಟ್ಟು ಕೋಣೆಗಳನ್ನು ಮರಳಿ ಪಡೆಯಬೇಕು. ಜಾಲದ ಕೋಣೆಯನ್ನು ಹಳೆಯ ಪ್ರತಿಯಿಂದ ತರುವುದಕ್ಕಿಂತ ಹೊಸ ಸ್ಥಾಪನೆಯು ಕೊಟ್ಟದ್ದನ್ನೇ ಇಟ್ಟುಕೊಳ್ಳುವುದು ಸುಲಭ. ಏಕೆಂದರೆ ಹಳೆಯದು ಹಳೆಯ ಯಂತ್ರದ ಜಾಲದ ಕಾರ್ಡನ್ನೇ ಹುಡುಕುತ್ತದೆ. ಹಳೆಯ ಯಜಮಾನನ ಕಡತಗಳು ಹೊಸ ಯಜಮಾನನ ಮೇಲೆ ಬಂದು ಕೂರುವುದಿಲ್ಲ. ಅವನ್ನು ಒಂದು ಪ್ರತ್ಯೇಕ ಕಪಾಟಿನಲ್ಲಿ ಇಡಲಾಗುತ್ತದೆ, ಬೇಕಾದುದನ್ನು ನಾವೇ ಆರಿಸಿಕೊಳ್ಳಬಹುದು.

ಹಳೆಯ ಯಂತ್ರಕ್ಕೆ ಕಳ್ಳನು ಮೊದಲೇ ಹೊಕ್ಕಿದ್ದರೆ? ಆಗ ಮುದ್ರೆಯನ್ನು ಒತ್ತಿದ ಕೈಯೇ ಕಳಂಕಿತವಾದುದು. ಮುದ್ರೆ ಸರಿಯಿದೆಯೆಂಬುದರಿಂದ ಸಮಾಧಾನಪಡುವಂತಿಲ್ಲ. ಈ ಪ್ರಶ್ನೆಯನ್ನು ರುಟ್ಕೋವ್‌ಸ್ಕಾ ೨೦೧೭ರ ಒಂದು ಲೇಖನದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಅಂಥ ಸಂದೇಹವಿದ್ದಾಗ ಹಳೆಯ ಯಜಮಾನನ ಭಾಗವನ್ನು ಪೂರ್ತಿ ಬಿಟ್ಟು, ಕೋಣೆಗಳ ಕಡತಗಳನ್ನು ಮಾತ್ರ ಅತ್ಯಂತ ಸಂಶಯದಿಂದ ಬಿಚ್ಚುವ ವಿಶೇಷ ಕ್ರಮವೊಂದನ್ನು ಕ್ಯೂಬ್ಸ್‌ನಲ್ಲಿ ಅಳವಡಿಸಲಾಗಿದೆ.

‘ಟೇಲ್ಸ್’ ಎಂಬ ಮತ್ತೊಂದು ಭದ್ರ ವ್ಯವಸ್ಥೆಯಲ್ಲಿ ಮನೆ ಬದಲಿಸುವ ತೊಡಕೇ ಇಲ್ಲ. ೨೦೦೯ರಲ್ಲಿ ಮೊದಲು ಹೊರಬಂದ ಇದು ಯು.ಎಸ್.ಬಿ. ಕಡ್ಡಿಯೊಂದರಲ್ಲಿ ವಾಸಿಸುತ್ತದೆ. ಕಡ್ಡಿಯನ್ನು ಹೊಂದಿಕೆಯಾಗುವ ಬೇರೊಂದು ಯಂತ್ರಕ್ಕೆ ಚುಚ್ಚಿದರೆ ಅದೇ ಹೊಸ ಮನೆ. ಕೆಲಸ ಮುಗಿಸಿ ಮುಚ್ಚಿದೊಡನೆ ಎಲ್ಲವನ್ನೂ ಮರೆತುಬಿಡುವುದು ಅದರ ಸ್ವಭಾವ. ಉಳಿಸಬೇಕಾದುದಕ್ಕೆ ಬೀಗವುಳ್ಳ ಒಂದು ಅರೆಯನ್ನು ಕಡ್ಡಿಯಲ್ಲಿಯೇ ಮಾಡಿಕೊಳ್ಳಬಹುದು. ಆದರೆ ಕಡ್ಡಿ ಬಹು ಚಿಕ್ಕದು, ಸುಲಭವಾಗಿ ಕಳೆದುಹೋಗುತ್ತದೆ. ಆದುದರಿಂದ ಇದಕ್ಕೂ ಜೋಡಿ ಕಡ್ಡಿಯೊಂದನ್ನು ಮಾಡಿಟ್ಟುಕೊಳ್ಳುವುದು ಅವಶ್ಯ.

ಪರೀಕ್ಷಿಸದ ಪ್ರತಿ ಪ್ರತಿಯಲ್ಲ

ಬ್ಯಾಕಪ್ ಇದೆಯೆಂಬ ನಂಬಿಕೆಯೇ ಬೇರೆ, ಅದು ಕೆಲಸಕ್ಕೆ ಬರುತ್ತದೆಂಬ ಅರಿವೇ ಬೇರೆ. ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ನೌಕರರೊಬ್ಬರು ಕೈತಪ್ಪಿ ಮುಖ್ಯ ದತ್ತಸಂಚಯವನ್ನೇ ಅಳಿಸಿಬಿಟ್ಟರು. ಬ್ಯಾಕಪ್ಪಿಗೆಂದು ಅಲ್ಲಿ ಹಲವು ಏರ್ಪಾಡುಗಳಿದ್ದವು. ಆದರೆ ಅವುಗಳಲ್ಲಿ ನಂಬಿದ್ದವು ಕೈಕೊಟ್ಟಿದ್ದುದು ಆ ರಾತ್ರಿಯೇ ತಿಳಿಯಿತು. ಅದೃಷ್ಟವಶಾತ್ ಸುಮಾರು ಆರು ಗಂಟೆಗಳ ಹಿಂದೆ ಬೇರೆ ಕಾರಣಕ್ಕೆ ತೆಗೆದ ಪ್ರತಿಯೊಂದು ಸಿಕ್ಕಿ ಸಂಸ್ಥೆ ಉಳಿದುಕೊಂಡಿತು.

ದಕ್ಷಿಣ ಕೊರಿಯದ ಡೇಜಾನ್ ನಗರದ ಸರಕಾರಿ ದತ್ತಾಂಶ ಕೇಂದ್ರಕ್ಕೆ ೨೦೨೫ರ ಸೆಪ್ಟೆಂಬರ್ ೨೬ರಂದು ಬೆಂಕಿ ಬಿದ್ದಾಗ ಅಂಥ ಅದೃಷ್ಟ ಒದಗಲಿಲ್ಲ. ಸರಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಸಂಗ್ರಹದ ೮೫೮ ಟೆರಾಬೈಟ್ ಮಾಹಿತಿಗೆ ಬೇರೆಡೆ ಪ್ರತಿಯೇ ಇರಲಿಲ್ಲ. ಬೆಳಗಾವಿ ಜಿಲ್ಲೆಯವರಿಗೆ ಬೆಂಕಿಗಿಂತ ನೀರಿನ ಅನುಭವ ಹತ್ತಿರದ್ದು. ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ಜಿಲ್ಲೆಯ ಅನೇಕ ಊರುಗಳು ಜಲಾವೃತವಾದವು. ಅಂಥ ವಿಪತ್ತಿನಲ್ಲಿ ಯಂತ್ರವೂ ಅದರ ಪಕ್ಕದ ಕಪಾಟಿನಲ್ಲಿಟ್ಟ ಪ್ರತಿಯೂ ಒಟ್ಟಿಗೇ ಮುಳುಗುತ್ತವೆ. ಆದುದರಿಂದಲೇ ತಜ್ಞರು ಮೂರು-ಎರಡು-ಒಂದು ಎಂಬ ಸೂತ್ರವನ್ನು ಹೇಳುತ್ತಾರೆ: ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಸ್ಥಳದಲ್ಲಿ. ಬೀಗಮುದ್ರೆಗಳಿರುವ ಪ್ರತಿಯಾದರೆ ಅದನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿ ಇಡಲು ಸಂಕೋಚಪಡಬೇಕಾಗಿಲ್ಲ.

ಕ್ಯೂಬ್ಸ್‌ನಲ್ಲಿ ಮರಳಿ ತುಂಬದೆಯೇ ಪ್ರತಿಯನ್ನು ಪರೀಕ್ಷಿಸಿ ನೋಡುವ ಅನುಕೂಲವಿದೆ. ಅದನ್ನು ಪ್ರತಿಸಲವೂ ಬಳಸಬೇಕು. ಇನ್ನೂ ಒಂದು ಸಂಗತಿ ಪ್ರಶಂಸನೀಯವಾಗಿದೆ. ಮುಂದೊಂದು ದಿನ ಕ್ಯೂಬ್ಸ್ ದೊರೆಯದೆ ಹೋದರೂ ಆ ಬ್ಯಾಕಪ್ಪನ್ನು ಸಾಮಾನ್ಯ ಲಿನಕ್ಸ್ ಯಂತ್ರದಲ್ಲಿ, ಎಲ್ಲರಿಗೂ ದೊರೆಯುವ ಉಪಕರಣಗಳಿಂದಲೇ ಬಿಚ್ಚುವ ವಿಧಾನವನ್ನು ಅದರ ಕರ್ತೃಗಳು ಪ್ರಕಟಿಸಿದ್ದಾರೆ. ಬೀಗದ ರಚನೆ ಬಹಿರಂಗ, ಕೀಲಿ ಮಾತ್ರ ಗುಟ್ಟು: ಗೂಢಲಿಪಿಶಾಸ್ತ್ರದ ಉತ್ತಮ ಸಂಪ್ರದಾಯವಿದು.

ಹಳೆಯ ಯಂತ್ರಕ್ಕೆ ವಿದಾಯ ಹೇಳುವ ಕೆಲಸವನ್ನು ಕೊನೆಯಲ್ಲಿ ಮಾಡಬೇಕು, ಅವಸರದಿಂದ ಮಾಡಬಾರದು. ಹೊಸ ಯಂತ್ರದಲ್ಲಿ ಪ್ರತಿಯೊಂದು ಕೋಣೆಯನ್ನೂ ತೆರೆದು ನೋಡಿ, ಕೆಲವು ವಾರ ಕೆಲಸಮಾಡಿ, ಹೊಸದರಿಂದಲೂ ಒಂದು ಬ್ಯಾಕಪ್ ತೆಗೆದ ಬಳಿಕವೇ ಹಳೆಯದನ್ನು ಅಳಿಸಬೇಕು. ಡಿಸ್ಕು ಪೂರ್ತಿಯಾಗಿ ಗೂಢಲಿಪಿಯಲ್ಲಿದ್ದರೆ, ಅದರ ಆರಂಭದಲ್ಲಿ ಕೀಲಿಯನ್ನು ಅಡಗಿಸಿಟ್ಟ ಸಣ್ಣ ಭಾಗವು ನಾಶವಾದೊಡನೆ ಉಳಿದುದೆಲ್ಲ ಅರ್ಥವಿಲ್ಲದ ಅಂಕೆಗಳ ರಾಶಿಯಾಗುತ್ತದೆ.

ವಿದ್ಯಾರ್ಥಿಗಳಾದ ವಾಚಕರಲ್ಲಿ ಹಲವರು ಕ್ಯೂಬ್ಸ್ ಬಳಸದೆ ಇರಬಹುದು. ಆದರೂ ಅದರಿಂದ ಕಲಿಯತಕ್ಕ ಪಾಠವು ಎಲ್ಲ ಯಂತ್ರಗಳಿಗೂ ಅನ್ವಯಿಸುತ್ತದೆ. ಈ ವಾರ ನಿಮ್ಮ ಬಳಿಯಿರುವ ಪ್ರತಿಯೊಂದನ್ನು ತೆಗೆದುಕೊಂಡು, ಅದರಿಂದ ಒಂದು ಕಡತವನ್ನು ಬೇರೆ ಯಂತ್ರದಲ್ಲಿ ಮರಳಿ ಪಡೆಯಲು ಯತ್ನಿಸಿರಿ. ಅದು ತೆರೆದರೆ ನಿಮ್ಮಲ್ಲಿ ಬ್ಯಾಕಪ್ ಇದೆ. ತೆರೆಯದಿದ್ದರೆ, ಅದನ್ನು ತಿಳಿಯಲು ಇಂದಿಗಿಂತ ಒಳ್ಳೆಯ ದಿನವಿಲ್ಲ.